ತಾರೀಖಿಲ್ಲದ ಸುದ್ದಿ

ಕಳೆದ ಯುಗಾದಿಯ ಮರುವಾರ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಸೇರಿದ್ದಾಗ ಯುವ ಸದಸ್ಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಸಂಘವು ವರ್ಷಕ್ಕೆರಡು ಬಾರಿ ಅಚ್ಚು ಹಾಕಿಸುವ ನಾಲ್ಕು ಪುಟಗಳ ವಾರ್ತಾಪತ್ರವನ್ನು ಇನ್ನು ನಿಲ್ಲಿಸಬೇಕು. ಆ ಹಣದಲ್ಲಿ ಯೂಟ್ಯೂಬ್ ಚಾನೆಲ್ ಒಂದನ್ನು ತೆರೆದು ಮಂಡಲದ ಸುದ್ದಿ, ಸಂಘದ ಸಮಾಚಾರ, ಜಾತ್ರೆ ಉತ್ಸವಗಳ ವರದಿ ಎಲ್ಲವನ್ನೂ ಅದರಲ್ಲಿಯೇ ಕೊಡಬೇಕು. "ಈಗ ಓದೋರು ಯಾರಿದ್ದಾರೆ ಸಾರ್, ಎಲ್ಲ ನೋಡೋರೇ" ಎಂದು ಅವರು ನನ್ನ ಕಡೆ ತಿರುಗಿ ನಕ್ಕರು. ಸಭೆ ತಲೆದೂಗಿತು. ವಿರೋಧಿಸಿದವನು ನಾನೊಬ್ಬನೇ. ಅಂದು ಸಮಯದ ಅಭಾವದಿಂದ ಪೂರ್ತಿ ಹೇಳಲಾಗದ್ದನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯಲು ಸಂಪಾದಕರು ಅವಕಾಶ ಮಾಡಿಕೊಟ್ಟಿದ್ದಾರೆ. ಬರೆದದ್ದನ್ನು ಓದುವವರೇ ಇಲ್ಲವೆಂಬ ಮಾತು ನಿಜವಾದಲ್ಲಿ ಯಾರಿಗೂ ನೋವಾಗುವ ಸಂಭವವಿಲ್ಲ.

ನಾನು ಯೂಟ್ಯೂಬಿನ ವೈರಿಯಲ್ಲ. ನನ್ನ ಮನೆಯಾಕೆ ಸಂಜೆಯ ಹೊತ್ತು ಅದರಲ್ಲಿಯೇ ಹರಿಕಥೆ ಕೇಳುತ್ತಾಳೆ. ಹೇಮಾವತಿಯ ನೊಳಂಬರ ದೇವಾಲಯದ ಕಂಬಗಳನ್ನು ನಮ್ಮೂರಿನ ಹುಡುಗನೊಬ್ಬ ಚಿತ್ರೀಕರಿಸಿ ಹಾಕಿದ್ದನ್ನು ನೋಡಿದೆ. ಹೆಂಜೇರು ಎಂಬ ಹಳೆಯ ಹೆಸರಿನ ಆ ಊರಿಗೆ ಮೂವತ್ತು ಸಲ ಹೋಗಿಬಂದಿದ್ದರೂ ಕಣ್ಣಿಗೆ ಬೀಳದಿದ್ದ ಕೆತ್ತನೆ ಅದರಲ್ಲಿ ಕಂಡಿತು. ಬೆಂಗಳೂರಿನಲ್ಲಿಯೂ ಹೊರದೇಶದಲ್ಲಿಯೂ ಇರುವ ನಮ್ಮ ಮಕ್ಕಳು ಊರಿನ ತೇರನ್ನು ಕುಳಿತಲ್ಲಿಂದಲೇ ನೋಡಿ ಕೈಮುಗಿಯುತ್ತಾರೆ. ಇದೆಲ್ಲ ಒಳ್ಳೆಯದೇ. ನನ್ನ ತಕರಾರು ಇರುವುದು ತೇರಿನ ಬಗ್ಗೆ ಅಲ್ಲ, ಸುದ್ದಿಯ ಬಗ್ಗೆ. ತೇರನ್ನು ಒಂದು ವರ್ಷ ತಡವಾಗಿ ನೋಡಿದರೂ ಪುಣ್ಯಕ್ಕೆ ಕೊರತೆಯಿಲ್ಲ. ಸರ್ಕಾರಿ ಆದೇಶವೊಂದರ ಸುದ್ದಿಯನ್ನು ಒಂದು ವರ್ಷ ತಡವಾಗಿ, ಅದೂ ಇಂದಿನದೆಂದು ತಿಳಿದು, ನೋಡಿದರೆ ಆಗುವ ಹಾನಿಯೇ ಬೇರೆ.

ಗಡಿನಾಡಿನಲ್ಲಿರುವ ನಮಗೆ ಈ ಹಾನಿ ಇತರರಿಗಿಂತ ಇಮ್ಮಡಿ. ನಮ್ಮ ಆಡಳಿತ ಅಮರಾವತಿಯದು, ನಾವು ಕೇಳುವ ಭಾಷೆ ಬೆಂಗಳೂರಿನದು. ಮಡಕಶಿರಾ ಸೀಮೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1882ರಲ್ಲಿ ಅನಂತಪುರ ಜಿಲ್ಲೆಯಾಯಿತು. 2022ರ ಏಪ್ರಿಲ್‌ನಿಂದ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆ. ಜಿಲ್ಲೆ ಬದಲಾದರೂ ನಮ್ಮ ಸಂತೆ, ಸಂಬಂಧ, ಆಸ್ಪತ್ರೆ ಎಲ್ಲ ಶಿರಾ, ತುಮಕೂರುಗಳ ಕಡೆಗೇ. ಆದ್ದರಿಂದ ಅಗಳಿಯ ಗೃಹಿಣಿಯ ಫೋನಿನಲ್ಲಿ ಬರುವ ಕನ್ನಡ ಸುದ್ದಿಯೆಲ್ಲ ಕರ್ನಾಟಕದ್ದು. ಅದರಲ್ಲಿ ಅವಳಿಗೆ ಅನ್ವಯಿಸುವುದು ಯಾವುದು, ಅನ್ವಯಿಸದ್ದು ಯಾವುದು ಎಂದು ಹೇಳುವವರು ಯಾರೂ ಇಲ್ಲ. ಬೆಂಗಳೂರಿನ ಚಾನೆಲ್ಲಿನವರಿಗೆ ನಾವು ಇದ್ದೇವೆಂಬುದೇ ಗೊತ್ತಿಲ್ಲ. ನವೆಂಬರ್ ತಿಂಗಳಲ್ಲಿ ಮಾತ್ರ ನೆನಪಾಗುತ್ತೇವೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಪ್ರಾರಂಭವಾಯಿತು. ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಆ ವಾರವೇ ನಮ್ಮ ಬೀದಿಯ ಇಬ್ಬರು ಹೆಂಗಸರು ಶಿರಾ ಬಸ್ಸು ಹತ್ತಿ, ಆಂಧ್ರದ ವಿಳಾಸವಿರುವ ಆಧಾರ್ ಕಾರ್ಡು ತೋರಿಸಿ, ಕಂಡಕ್ಟರೊಡನೆ ಜಗಳವಾಡಿ, ಕೊನೆಗೆ ಚೀಟಿ ಕೊಂಡು ಪ್ರಯಾಣ ಮಾಡಿದರು. "ಯೂಟ್ಯೂಬಲ್ಲಿ ಎಲ್ಲ ಹೆಂಗಸರಿಗೂ ಅಂತ ಹೇಳಿದ್ರಲ್ಲಪ್ಪಾ" ಎಂಬುದು ಅವರ ವಾದ. ಆಂಧ್ರದಲ್ಲಿ ಅಂಥ ಯೋಜನೆ ಬಂದದ್ದು 2025ರ ಆಗಸ್ಟ್ 15ರಂದು. ಅಷ್ಟು ಹೊತ್ತಿಗೆ ನಮ್ಮ ಹೆಂಗಸರು ನಂಬುವುದನ್ನೇ ಬಿಟ್ಟಿದ್ದರು. ಮಳೆಗಾಲದಲ್ಲಿ "ನಾಳೆ ಶಾಲೆಗಳಿಗೆ ರಜೆ" ಎಂಬ ವಿಡಿಯೋ ಬಂದ ಮರುದಿನ ನಮ್ಮ ಶಾಲೆಗಳಲ್ಲಿ ಹಾಜರಾತಿ ಕುಸಿಯುತ್ತದೆಂದು ಈಗಿನ ಮೇಷ್ಟರುಗಳು ಹೇಳುತ್ತಾರೆ. ರಜೆ ಕೊಟ್ಟವರು ಆಚೆಯ ಜಿಲ್ಲಾಧಿಕಾರಿಗಳು, ಅನುಭವಿಸಿದವರು ಈಚೆಯ ಮಕ್ಕಳು. ಈ ಒಂದು ವಿಷಯದಲ್ಲಿ ಮಾತ್ರ ಮಕ್ಕಳು ದೂರು ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ನಮ್ಮ ಮಂಡಲದ್ದೇ ಸುದ್ದಿ ಹೇಳುವ ಚಾನೆಲ್ಲುಗಳ ಮಾತು. ಅವುಗಳನ್ನು ನಡೆಸುವ ಯುವಕರಲ್ಲಿ ಹಲವರು ನಮ್ಮ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ತಾಯಿಯೊಡನೆ ಕನ್ನಡ, ಹೋಟೆಲಿನಲ್ಲಿ ಸ್ನೇಹಿತರೊಡನೆ ಕನ್ನಡ. ಮೈಕು ಕೈಗೆ ಬಂದ ಕೂಡಲೇ ತೆಲುಗು. ಕೇಳಿದರೆ, "ತೆಲುಗಲ್ಲಾದ್ರೆ ಹಿಂದೂಪುರ, ಅನಂತಪುರದವರೂ ನೋಡ್ತಾರೆ ಸಾರ್" ಎನ್ನುತ್ತಾರೆ. ತೆಲುಗಿನ ಬಗ್ಗೆ ನನಗೆ ಕಿಂಚಿತ್ತೂ ಅಸೂಯೆಯಿಲ್ಲ; ಅದು ನಮ್ಮ ರಾಜ್ಯದ ಭಾಷೆ, ಸಿಹಿಯಾದ ಭಾಷೆ. ಆದರೆ ಅಗಳಿಯ ಸಚಿವಾಲಯದಲ್ಲಿ ಪಿಂಚಣಿ ಯಾವತ್ತು ಕೊಡುತ್ತಾರೆಂಬುದನ್ನು ಅಗಳಿಯ ಅಜ್ಜಿಗೆ ಅವಳ ಮಾತಿನಲ್ಲಿ ಹೇಳುವವರು ಇಲ್ಲವಾದರೆ ಅದನ್ನು ಸಮುದಾಯದ ಸಮಾಚಾರವೆಂದು ಹೇಗೆ ಕರೆಯುವುದು?

ಹೀಗೆ ಕನ್ನಡದಲ್ಲಿ ಬರುವ ಸುದ್ದಿ ನಮ್ಮದಲ್ಲ. ನಮ್ಮದಾದ ಸುದ್ದಿ ಕನ್ನಡದಲ್ಲಿಲ್ಲ. ಇದರ ನಡುವಿನ ಸಂದಿಯಲ್ಲಿ ಬೆಳೆದಿರುವುದು ವದಂತಿ.

2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಒಂದರಿಂದ ಆರನೆಯ ತರಗತಿಯವರೆಗೆ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ತರುವ ಆದೇಶ ಹೊರಡಿಸಿದಾಗ ನಮ್ಮ ಕಡೆ ಎದ್ದ ಕೋಲಾಹಲ ಬಹುಮಂದಿಗೆ ನೆನಪಿರಬಹುದು. ಕನ್ನಡ ಶಾಲೆಗಳ ಕಥೆ ಮುಗಿಯಿತೆಂದು ಸಾರುವ ವಿಡಿಯೋಗಳು ಬಂದವು. ಕೆಲವು ತಂದೆತಾಯಿಗಳು ಮಕ್ಕಳ ಟಿ.ಸಿ. ಕೇಳಲು ಹೊರಟರು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆಂಬುದನ್ನು ನಾನು ಮನೆಮನೆಗೆ ಹೋಗಿ ವಿವರಿಸಿದೆ. ಶಾಲೆ ಬಿಟ್ಟ ಮಕ್ಕಳು ಮಾತ್ರ ಮರಳಿ ಬರಲಿಲ್ಲ. ಭಯಪಡಿಸಿದ ವಿಡಿಯೋವನ್ನು ನೋಡದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಆದೇಶ ರದ್ದಾದ ಸುದ್ದಿಯನ್ನು ನನ್ನ ಬಾಯಿಂದ ಮೊದಲು ಕೇಳಿದವರೇ ಹೆಚ್ಚು.

ಈಗ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ. ಸಭೆಯಲ್ಲಿ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಟರ್ ಮುಗಿಸಿದ ಹುಡುಗಿಯೊಬ್ಬಳು ನನ್ನ ಬಳಿ ವ್ಯಾಕರಣ ಹೇಳಿಸಿಕೊಳ್ಳಲು ಬರುತ್ತಿದ್ದಳು. ತಂದೆಗೆ ಎರಡೆಕರೆ ಅಡಿಕೆ ತೋಟ. ಕರ್ನಾಟಕದಲ್ಲಿ ಕೃಷಿ ಪದವಿ ಓದಬೇಕೆಂಬುದು ಅವಳ ಆಸೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ. ಅವರು ಅದರ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯೊಂದನ್ನೂ ಬರೆಯಬೇಕು. ಅದಕ್ಕಾಗಿಯೇ ಆ ವ್ಯಾಕರಣ ಪಾಠ. ಅರ್ಜಿ ಹಾಕುವ ದಿನಗಳಲ್ಲಿ ಒಂದು ವಿಡಿಯೋ ನನ್ನ ಫೋನಿಗೆ ಬಂತು. ಚಿತ್ರದ ಮೇಲೆ ಕೆಂಪು ಅಕ್ಷರದಲ್ಲಿ, ಗಡಿನಾಡಿನ ಮಕ್ಕಳಿಗೆ ಕರ್ನಾಟಕದ ಬಾಗಿಲು ಬಂದ್ ಎಂದಿತ್ತು. ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ. ನಾನು ಅದನ್ನು ತೆರೆದು ಎರಡು ನಿಮಿಷ ನೋಡಿ, ನೊಂದು, ಆ ತಂದೆಗೆ ಕಳಿಸಿದೆ. ಪೂರ್ತಿ ನೋಡಲಿಲ್ಲ. ತಾರೀಖು ನೋಡಲಿಲ್ಲ. ಮೂವತ್ನಾಲ್ಕು ವರ್ಷ ಮಕ್ಕಳ ಉತ್ತರಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದಿ ಅಂಕ ಕೊಟ್ಟವನು ನಾನು.

ತಿಂಗಳ ಬಳಿಕ ಆ ತಂದೆ ಸಿಕ್ಕಾಗ ಕೇಳಿದೆ. ಅರ್ಜಿ ಹಾಕಿಸಲಿಲ್ಲವೆಂದರು. "ಬಾಗ್ಲು ಮುಚ್ಚೈತೆ ಅಂತ ನೀವೇ ಕಳಿಸಿದ್ರಲ್ಲ ಮೇಷ್ಟ್ರೇ" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕೊರೆಯಿತು. ಮನೆಗೆ ಬಂದು ಆ ವಿಡಿಯೋವನ್ನು ಹುಡುಕಿ ಪೂರ್ತಿ ನೋಡಿದೆ. ಹನ್ನೊಂದು ನಿಮಿಷ. ಹತ್ತನೆಯ ನಿಮಿಷದಲ್ಲಿ, ಇದು ಇನ್ನೂ ಚರ್ಚೆಯ ಹಂತದಲ್ಲಿದೆ, ಅಧಿಕೃತವಾಗಿ ಏನೂ ಆಗಿಲ್ಲ ಎಂಬ ಒಂದು ಮಾತು. ಹಾಕಿದ್ದು ಎರಡು ವರ್ಷಗಳ ಹಿಂದೆ. ಹುಡುಗಿ ಈಗ ಹತ್ತಿರದ ಊರಿನಲ್ಲಿ ಬೇರೊಂದು ಪದವಿ ಓದುತ್ತಿದ್ದಾಳೆ. ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಾಳೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಎಷ್ಟು ತರಗತಿಗಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಎರಡು ಸಾಲಿನ ವಿಷಯಕ್ಕೆ ಹನ್ನೊಂದು ನಿಮಿಷ ಏಕೆಂದು ಮೊಮ್ಮಗನನ್ನು ಕೇಳಿ ತಿಳಿದುಕೊಂಡೆ. ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ಚಾನೆಲ್ಲಿಗೆ ಸಾವಿರ ಚಂದಾದಾರರು ಇರಬೇಕು, ಹನ್ನೆರಡು ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು. ವಿಡಿಯೋ ಎಂಟು ನಿಮಿಷಕ್ಕಿಂತ ಉದ್ದವಿದ್ದರೆ ನಡುನಡುವೆಯೂ ಜಾಹೀರಾತು ಹಾಕಬಹುದು. ಅಂದಮೇಲೆ ಸುದ್ದಿಯನ್ನು ಮೊದಲ ನಿಮಿಷದಲ್ಲಿಯೇ ಹೇಳಿಬಿಡುವವನಿಗೆ ನಷ್ಟ, ಹೇಳದೆ ಎಳೆಯುವವನಿಗೆ ಲಾಭ. ಪತ್ರಿಕೆಯ ವರದಿಗಾರ ಯಾವಾಗ, ಎಲ್ಲಿ, ಯಾರು ಎಂಬುದನ್ನು ಮೊದಲ ವಾಕ್ಯದಲ್ಲಿ ಇಡುತ್ತಿದ್ದ. ಇಲ್ಲಿ ಅದು ಕೊನೆಗೆ ಸರಿಯುತ್ತದೆ, ಇಲ್ಲವೇ ಬರುವುದೇ ಇಲ್ಲ. ಇದನ್ನು ಆ ಹುಡುಗರ ದುಷ್ಟತನವೆಂದು ನಾನು ಹೇಳುವುದಿಲ್ಲ. ಅಂಗಡಿಯ ತಕ್ಕಡಿಯೇ ಹಾಗಿದೆ. ಆದರೆ ಸಂಘವೂ ಅದೇ ತಕ್ಕಡಿಯನ್ನು ಹಿಡಿಯಬೇಕೆ ಎಂಬುದು ನನ್ನ ಪ್ರಶ್ನೆ. ಗಂಟೆ ಒತ್ತಿ, ಗಂಟೆ ಒತ್ತಿ ಎಂದು ಕೊನೆಯಲ್ಲಿ ಬೇಡಿಕೊಳ್ಳುವುದೊಂದು ಬೇರೆ. ನನ್ನ ಕಾಲದಲ್ಲಿ ಗಂಟೆ ಹೊಡೆದರೆ ಪಾಠ ಶುರುವಾಗುತ್ತಿತ್ತು.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತೆಂಬುದನ್ನು ಪ್ರತಿವರ್ಷ ಪತ್ರಿಕಾ ದಿನದಂದು ಕೇಳುತ್ತೇವೆ. ಹೆರ್ಮನ್ ಮೋಗ್ಲಿಂಗರು ಮರುವರ್ಷವೇ ಅದರ ಮುದ್ರಣವನ್ನು ಬಳ್ಳಾರಿಗೆ ಸಾಗಿಸಿ ಕನ್ನಡ ಸಮಾಚಾರ ಎಂದು ಹೆಸರಿಟ್ಟರು. ಅಂದು ರಾಯದುರ್ಗವೂ ನಮ್ಮ ಮಡಕಶಿರಾವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅಂದರೆ ಕನ್ನಡದ ಮೊತ್ತಮೊದಲ ಪತ್ರಿಕೆ ಎರಡನೆಯ ವರ್ಷದಲ್ಲಿ ಅಚ್ಚಾದದ್ದು ನಮ್ಮದೇ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ. ಅದರಲ್ಲಿ ಊರ ವರ್ತಮಾನಕ್ಕೂ ಸರ್ಕಾರದ ಆದೇಶಗಳಿಗೂ ಸ್ಥಳವಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಹಾಳೆಗೆ ಇದ್ದ ಎಚ್ಚರ ಗಳಿಗೆಗೊಮ್ಮೆ ಬರುವ ಇಂದಿನ ವಾರ್ತೆಗೆ ಇಲ್ಲವಾದದ್ದು ವಿಚಿತ್ರ.

ಅಷ್ಟು ಹಿಂದೆ ಹೋಗುವುದು ಬೇಡ. ನಾನು ಸಹಶಿಕ್ಷಕನಾಗಿದ್ದ ದಿನಗಳಲ್ಲಿ ಶಿರಾದಿಂದ ಬರುವ ಬಸ್ಸಿನಲ್ಲಿ ಪ್ರಜಾವಾಣಿಯ ಒಂದು ಪ್ರತಿ ಶಾಲೆಗೆ ಬರುತ್ತಿತ್ತು. ಒಬ್ಬ ಹುಡುಗ ಐದು ಸುದ್ದಿಗಳನ್ನು ಆರಿಸಿ ವರಾಂಡದ ಕಪ್ಪುಹಲಗೆಯ ಮೇಲೆ ಬರೆಯಬೇಕು. ಮೇಲೆ ತಾರೀಖು, ಕೆಳಗೆ ಬರೆದವನ ಹೆಸರು ಮತ್ತು ತರಗತಿ. ತಪ್ಪಿದ್ದರೆ ಮರುದಿನ ಅವನೇ ತಿದ್ದುಪಡಿ ಬರೆಯಬೇಕು. 1984ರ ಅಕ್ಟೋಬರ್ 31ರಂದು ಮಧ್ಯಾಹ್ನ, ಇಂದಿರಾ ಗಾಂಧಿಯವರು ತೀರಿಕೊಂಡರೆಂದು ಯಾರೋ ಬಿ.ಬಿ.ಸಿ. ಕೇಳಿ ಬಂದು ಹೇಳಿದರು. ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹುಡುಗನನ್ನು ನಮ್ಮ ಮುಖ್ಯೋಪಾಧ್ಯಾಯರು ತಡೆದರು. ಸಂಜೆ ಆಕಾಶವಾಣಿ ಹೇಳಿದ ಮೇಲೆಯೇ ಬರೆಸಿದರು. ಸುದ್ದಿ ನಿಜವೇ ಆಗಿತ್ತು, ನಾವು ತಡಮಾಡಿದ್ದೆವು. ಇಂದಿನವರು ಇದನ್ನು ಹೇಳಿ ನನ್ನನ್ನು ಗೇಲಿ ಮಾಡಬಹುದು. ನಾಲ್ಕು ಗಂಟೆಯ ಆ ತಡದಿಂದ ಅಗಳಿಯಲ್ಲಿ ಯಾರಿಗೆ ಏನು ನಷ್ಟವಾಯಿತೆಂದು ನಾನೂ ಕೇಳಬಹುದು.

ಅಕ್ಷರ ಬಾರದ ಹಿರಿಯರಿಗೆ ವಿಡಿಯೋವೇ ಗತಿಯೆಂಬ ವಾದ ಬಂದಿದೆ. ಅದು ತೂಕವುಳ್ಳ ವಾದ, ಒಪ್ಪುತ್ತೇನೆ. ಆದರೆ ಸಭೆಯಲ್ಲಿ ಆ ವಾದ ಮಾಡಿದವರ ಮಕ್ಕಳಿಗೆ ಕನ್ನಡ ಓದಲು ಬರುತ್ತದೆಯೇ? ಮನೆಯಲ್ಲಿ ಕನ್ನಡ ಮಾತನಾಡುವ, ಒಂದು ಕನ್ನಡ ಫಲಕವನ್ನೂ ಓದಲಾರದ ತಲೆಮಾರು ನಮ್ಮ ಕಣ್ಣೆದುರಿಗೇ ಬೆಳೆದಿದೆ. ಊರಿನ ಸುದ್ದಿಯನ್ನು ಓದಬೇಕಾದ ಕೊನೆಯ ಕಾಗದವನ್ನೂ ನಿಲ್ಲಿಸಿದರೆ ಆ ಮಕ್ಕಳು ಕನ್ನಡ ಲಿಪಿಯನ್ನು ಮದುವೆಯ ಕರೆಯೋಲೆಯಲ್ಲಿ ಮಾತ್ರ ನೋಡುತ್ತಾರೆ. ಈಗ ಅದೂ ವಿಡಿಯೋ ಆಗಿದೆ.

ಚಾನೆಲ್ ತೆರೆಯುವುದೇ ಬಹುಮತವಾದರೆ ತೆರೆಯಿರಿ. ಆದರೆ ಪ್ರತಿ ಸುದ್ದಿಯ ಮೊದಲ ಮಾತು ತಾರೀಖು ಮತ್ತು ಊರು ಆಗಿರಲಿ. ಅದು ಯಾವ ರಾಜ್ಯದ ಆದೇಶ, ನಮಗೆ ಅನ್ವಯಿಸುತ್ತದೋ ಇಲ್ಲವೋ ಎಂಬುದು ಎರಡನೆಯ ಮಾತು. ಶೀರ್ಷಿಕೆಯಲ್ಲಿ ಪ್ರಶ್ನೆ ಚಿಹ್ನೆ ಕೂಡದು. ಹೇಳಿದ್ದೆಲ್ಲವೂ ತೆರೆಯ ಕೆಳಗೆ ಕನ್ನಡ ಅಕ್ಷರದಲ್ಲಿ ಬರಲಿ. ಓದಿದವರ ಹೆಸರಿರಲಿ, ತಪ್ಪಾದರೆ ಅವರೇ ಮುಖ ತೋರಿಸಿ ತಿದ್ದಿ ಹೇಳಲಿ. ಎರಡು ನಿಮಿಷದಲ್ಲಿ ಮುಗಿಯಲಿ, ಹಣ ಬಾರದಿದ್ದರೆ ಬೇಡ. ವಾರ್ತಾಪತ್ರವನ್ನು ಮಾತ್ರ ನಿಲ್ಲಿಸಬೇಡಿ. ಅದರ ಒಂದು ವರ್ಷದ ಕಾಗದದ ಖರ್ಚನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ.

ಇದರ ಜೊತೆಗೆ, ಶಾಲೆಯಲ್ಲಿ ಮೂಲೆಗೆ ಹಾಕಿದ್ದ ಹಳೆಯ ಹಲಗೆಯೊಂದನ್ನು ಕೇಳಿ ತಂದು ಬಣ್ಣ ಬಳಿಸಿದ್ದೇನೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನವರು ಗೋಡೆಗೆ ತೂಗುಹಾಕಲು ಒಪ್ಪಿದ್ದಾರೆ. ಮಳೆ ಬಿದ್ದರೆ ಅಳಿಸುತ್ತದೆಂದು ಅವರೇ ಮೇಲೆ ಒಂದು ತಗಡು ಹೊದಿಸಿಕೊಟ್ಟರು. ಸೋಮವಾರದಿಂದ ಬರೆಯುತ್ತೇನೆ. ಮೊದಲು ಬರೆಯುವುದು ಈ ಸಲದ ಸಿ.ಇ.ಟಿ.ಗೆ ಅರ್ಜಿ ಹಾಕುವ ಕೊನೆಯ ದಿನಾಂಕವನ್ನು, ಪ್ರಾಧಿಕಾರದ ಪ್ರಕಟಣೆಯನ್ನು ನಾನೇ ಕೊನೆಯ ಸಾಲಿನವರೆಗೆ ಓದಿದ ಮೇಲೆ.