ತಂಪಿನ ಭಾರ ಹೊತ್ತ ಬ್ಯಾಟರಿ: ಬಳ್ಳಾರಿ ಬೇಸಿಗೆಯ ಲೆಕ್ಕ

ರಾಜ್ಯಕ್ಕೆ ವಿದ್ಯುತ್ ಒದಗಿಸುವ 1700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರ ಬಳ್ಳಾರಿ ಸಮೀಪದ ಕುಡತಿನಿಯಲ್ಲಿದೆ. ಆದರೂ ಪಾದರಸ 40 ಡಿಗ್ರಿ ದಾಟುವ ದಿನಗಳಲ್ಲಿ ವಿದ್ಯುತ್ ಕೈಕೊಟ್ಟರೆ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಮನೆ, ಅಂಗಡಿಗಳು ನೆಚ್ಚುವುದು ಇನ್ವರ್ಟರ್ ಬ್ಯಾಟರಿಯನ್ನೇ. ಫ್ಯಾನು, ದೀಪಗಳ ಜೊತೆಗೆ ರೆಫ್ರಿಜರೇಟರಿನ ಹೊರೆಯನ್ನೂ ಅದಕ್ಕೆ ಹೊರಿಸಬಹುದೇ? ಪೆಟ್ಟಿಗೆಯೊಳಗೆ ಹಾಲು, ತರಕಾರಿಯಷ್ಟೇ ಇದ್ದರೆ ನಷ್ಟ ಅಲ್ಪ. 2ರಿಂದ 8 ಡಿಗ್ರಿಯಲ್ಲಿರಬೇಕಾದ ಇನ್ಸುಲಿನ್ ಇದ್ದರೆ ಪ್ರಶ್ನೆ ಗಂಭೀರ.

ಲೆಕ್ಕ ಸರಳವಾಗಿದೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಇನ್ವರ್ಟರ್ ನುಂಗುವ ಪಾಲನ್ನೂ ಕಳೆದರೆ ಉಳಿಯುವುದು ಸುಮಾರು 750. ಬೇಸಿಗೆಯಲ್ಲಿ ದಿನಕ್ಕೆ 1.2 ಯೂನಿಟ್ ಬೇಡುವ ಫ್ರಿಜ್‌ನ ಸರಾಸರಿ ಹೊರೆ 50 ವ್ಯಾಟ್. ಅದೊಂದೇ ಇದ್ದರೆ 15 ಗಂಟೆ ತಾಳೀತು. 75 ವ್ಯಾಟ್‌ನ ಎರಡು ಫ್ಯಾನು ಸೇರಿದರೆ ನಾಲ್ಕು ಗಂಟೆಯೂ ಇಲ್ಲ. ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಸಣ್ಣ ಇನ್ವರ್ಟರ್ ಸೋಲುವುದೂ ಉಂಟು.

ಬ್ಯಾಟರಿಯ ಆಯಸ್ಸಿನ ನಿಜವಾದ ಶತ್ರು ಬಿಸಿಲು. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಸೀಸದ ಬ್ಯಾಟರಿಯ ಬಾಳಿಕೆ ಸರಿಸುಮಾರು ಅರ್ಧವಾಗುತ್ತದೆ. ತಗಡಿನ ಚಾವಣಿಯಡಿ ಇಟ್ಟದ್ದು ಬೇಗ ಸಾಯುವುದು ಇದರಿಂದಲೇ. ಆಳಕ್ಕೆ ಬರಿದಾಗಿ, ಪೂರ್ತಿ ತುಂಬುವ ಮೊದಲೇ ಮತ್ತೆ ಬರಿದಾದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಶೇ 80ರವರೆಗೆ ಬರಿದಾದರೂ ತಾಳಿಕೊಳ್ಳುತ್ತದೆ. ಬೆಲೆ ದುಬಾರಿ, ಅತಿಯಾದ ಬಿಸಿ ಅದಕ್ಕೂ ಹಿತವಲ್ಲ.

ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಈ ಪಾಠವನ್ನು ಮೊದಲೇ ಕಲಿತಿದೆ. ಲಸಿಕೆಗಳನ್ನಿಡುವ ಐಸ್-ಲೈನ್ಡ್ ರೆಫ್ರಿಜರೇಟರ್‌ಗೆ ದಿನದಲ್ಲಿ 8 ಗಂಟೆ ವಿದ್ಯುತ್ ಸಿಕ್ಕರೆ ಸಾಕು. ಉಳಿದ ಹೊತ್ತು ಗೋಡೆಯೊಳಗಿನ ಮಂಜುಗಡ್ಡೆಯೇ ಕಾಯುತ್ತದೆ. ಬ್ಯಾಟರಿಗಳು ಕೆಟ್ಟು ಸೌರ ಫ್ರಿಜ್‌ಗಳು ಮೂಲೆಗುಂಪಾದ ಅನುಭವದಿಂದಲೇ ಬ್ಯಾಟರಿರಹಿತ ಸೌರ ಫ್ರಿಜ್‌ಗಳು ಬಂದವು. ತತ್ವ ಒಂದೇ: ವಿದ್ಯುತ್ತನ್ನು ಕೂಡಿಡುವುದಕ್ಕಿಂತ ತಂಪನ್ನು ಕೂಡಿಡುವುದು ಅಗ್ಗ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 93 ವ್ಯಾಟ್-ಗಂಟೆಯಷ್ಟು ಶಾಖ ಹೀರುತ್ತದೆ. ಸಾವಿರ ಸಲ ಕರಗಿದರೂ ಅದು ಸವೆಯದು.

ಮನೆಗಳಿಗೂ ಇದು ಅನ್ವಯಿಸುತ್ತದೆ. ವಿದ್ಯುತ್ ಇರುವಾಗ ಫ್ರೀಜರಿನಲ್ಲಿ ನೀರಿನ ಬಾಟಲಿ ಗಟ್ಟಿಯಾಗಿಸಿಟ್ಟು, ಕಡಿತದ ವೇಳೆ ಬಾಗಿಲು ತೆರೆಯದಿದ್ದರೆ ಬ್ಯಾಟರಿ ಫ್ಯಾನಿಗೆ ಉಳಿಯುತ್ತದೆ. ಇನ್ಸುಲಿನ್ ಮಾತ್ರ ಮಂಜುಗಡ್ಡೆಗೆ ತಾಗಬಾರದು. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ. ಇಷ್ಟಾದರೂ ಇದು ತಾತ್ಕಾಲಿಕ ಉಪಾಯವಷ್ಟೇ. ವಿದ್ಯುತ್ ಉತ್ಪಾದಿಸುವ ಜಿಲ್ಲೆಯ ಬಡ ರೋಗಿಯ ಔಷಧಿ ಅವನ ಬ್ಯಾಟರಿಯ ಆಯಸ್ಸನ್ನು ಅವಲಂಬಿಸುವಂತಾಗಬಾರದು. ಬೇಸಿಗೆಯಲ್ಲಿ ಕಡಿತ ಅನಿವಾರ್ಯವಾದರೆ ಅದರ ವೇಳಾಪಟ್ಟಿಯನ್ನು ಮುಂಚಿತವಾಗಿ ತಿಳಿಸುವುದು ಪೂರೈಕೆದಾರರ ಕನಿಷ್ಠ ಹೊಣೆ.