ತಪಾಸಣೆಯ ಮರುದಿನ ಶಾಲೆಯಲ್ಲಿ ಯಾರಿರುತ್ತಾರೆ?

ಸರ್ಕಾರಿ ಶಾಲೆಗಳಿಗೆ ನರ್ಸ್ ಬೇಕು ಎಂದಾಗಲೆಲ್ಲ ಎದುರಾಗುವ ಮಾತುಗಳು ಹೆಚ್ಚುಕಡಿಮೆ ಒಂದೇ. ಆರೋಗ್ಯ ಇಲಾಖೆಯವರದು ಒಂದು ಆಕ್ಷೇಪ, ಶಿಕ್ಷಣ ಇಲಾಖೆಯವರದು ಇನ್ನೊಂದು, ಹಣಕಾಸಿನ ಲೆಕ್ಕ ನೋಡುವವರದು ಮತ್ತೊಂದು. ಇವರಲ್ಲಿ ಯಾರೂ ಮಕ್ಕಳಿಗೆ ಕೇಡು ಬಯಸುವವರಲ್ಲ. ಕೆಲವರ ಮಾತಿನಲ್ಲಿ ಹುರುಳೂ ಇದೆ. ಆದ್ದರಿಂದಲೇ ಒಂದೊಂದಕ್ಕೂ ಉತ್ತರ ಕೊಡಬೇಕಾಗಿದೆ.

‘ಆರ್‌ಬಿಎಸ್‌ಕೆ ತಂಡ ಪ್ರತಿ ವರ್ಷ ಬರುತ್ತದಲ್ಲ, ಮತ್ತೆ ನರ್ಸ್ ಯಾಕೆ?’ ಎಂಬುದು ಮೊದಲ ಮಾತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು, ಹುಟ್ಟಿನಿಂದ ಬಂದ ನ್ಯೂನತೆ, ರೋಗ, ಪೋಷಕಾಂಶಗಳ ಕೊರತೆ, ಕುಂಠಿತ ಬೆಳವಣಿಗೆ ಎಂದು ಸುಮಾರು 30 ತೊಂದರೆಗಳನ್ನು ಹುಡುಕುತ್ತದೆ. ಹೃದಯದಲ್ಲಿ ರಂಧ್ರವಿದ್ದ, ಸೀಳುತುಟಿಯಿದ್ದ ಎಷ್ಟೋ ಮಕ್ಕಳಿಗೆ ಈ ತಂಡಗಳಿಂದ ಶಸ್ತ್ರಚಿಕಿತ್ಸೆ ದೊರಕಿದೆ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ.

ಆದರೆ ತಂಡದ ಜೀಪು ಹೊರಟ ಮೇಲೆ ಏನಾಗುತ್ತದೆ? ಏಳನೇ ತರಗತಿಯ ಹುಡುಗಿಗೆ ದೃಷ್ಟಿದೋಷ ಇದೆ ಎಂದು ಗೊತ್ತಾಯಿತು, ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು ಎನ್ನೋಣ. ಅವಳನ್ನು ಕರೆದುಕೊಂಡು ಹೋಗಬೇಕಾದ ತಾಯಿ ಕೂಲಿ ಬಿಡಬೇಕು, ಬಸ್ಸು ಹಿಡಿಯಬೇಕು, ಕಣ್ಣಿನವರು ಯಾವ ದಿನ ಸಿಗುತ್ತಾರೆ ಎಂದು ತಿಳಿದುಕೊಂಡಿರಬೇಕು. ಚೀಟಿ ಪುಸ್ತಕದ ಚೀಲದಲ್ಲೇ ಮುದುಡುತ್ತದೆ. ಕನ್ನಡಕ ಬಂದರೂ ಅಲ್ಲಿಗೆ ಮುಗಿಯುವುದಿಲ್ಲ. ಗೆಳತಿಯರು ನಗುತ್ತಾರೆ ಎಂದು ಅವಳು ಅದನ್ನು ಪೆಟ್ಟಿಗೆಯಲ್ಲಿಡುತ್ತಾಳೆ, ಹುಡುಗಿ ಕನ್ನಡಕ ಹಾಕಿದರೆ ನಾಳೆ ಗಂಡು ಹುಡುಕುವುದು ಕಷ್ಟ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಮುಂದಿನ ವರ್ಷ ತಂಡ ಮತ್ತೆ ಬಂದು, ಅದೇ ದೋಷ ಕಂಡು, ಮತ್ತೊಂದು ಚೀಟಿ ಬರೆಯುತ್ತದೆ. ನಮ್ಮಲ್ಲಿ ಕಾಯಿಲೆ ಕಂಡುಹಿಡಿಯುವವರಿದ್ದಾರೆ, ಅದರ ಬೆನ್ನು ಹತ್ತಿ ಹೋಗುವವರಿಲ್ಲ. ನರ್ಸ್ ಬೇಕಿರುವುದು ಆ ಕೆಲಸಕ್ಕೆ.

ನ್ಯೂಯಾರ್ಕ್ ನಗರ ಇದೇ ಸಂಕಟವನ್ನು ನೂರಿಪ್ಪತ್ತು ವರ್ಷಗಳ ಹಿಂದೆ ಅನುಭವಿಸಿತ್ತು. ಅಲ್ಲಿ 1897ರಿಂದ ವೈದ್ಯರು ಶಾಲೆಗಳಿಗೆ ಹೋಗಿ ತಪಾಸಣೆ ಮಾಡುತ್ತಿದ್ದರು. ಟ್ರಕೋಮಾ ಎಂಬ ಕಣ್ಣಿನ ಸೋಂಕು, ಕಜ್ಜಿ, ಹುಳುಕಡ್ಡಿ, ಹೇನು ಕಂಡರೆ ಮಗುವನ್ನು ಮನೆಗೆ ಕಳಿಸುತ್ತಿದ್ದರು. ಬೇರೆ ದೇಶಗಳಿಂದ ವಲಸೆ ಬಂದಿದ್ದ ಎಷ್ಟೋ ತಾಯ್ತಂದೆಯರಿಗೆ ಕೈಗೆ ಬಂದ ಚೀಟಿ ಓದಲೂ ಬರುತ್ತಿರಲಿಲ್ಲ. ಮಕ್ಕಳು ಔಷಧಿಯಿಲ್ಲದೆ, ಪಾಠವೂ ಇಲ್ಲದೆ ಬೀದಿಯಲ್ಲಿ ಆಡಿಕೊಂಡಿದ್ದರು. 1902ರ ಅಕ್ಟೋಬರ್‌ನಲ್ಲಿ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂಬ ಸೇವಾಸಂಸ್ಥೆಯ ಲಿಲಿಯನ್ ವಾಲ್ಡ್ ಅವರು ಲೀನಾ ರಾಜರ್ಸ್ ಎಂಬ ನರ್ಸನ್ನು ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕೊಟ್ಟರು. ರಾಜರ್ಸ್ ಶಾಲೆಯಲ್ಲೇ ಗಾಯ ತೊಳೆದು ಮುಲಾಮು ಹಚ್ಚಿದರು, ಸಂಜೆ ಮಕ್ಕಳ ಮನೆಗೆ ಹೋಗಿ ತಾಯಂದಿರಿಗೆ ಹೇಗೆ ನೋಡಿಕೊಳ್ಳಬೇಕೆಂದು ತೋರಿಸಿದರು. ತಿಂಗಳೊಪ್ಪತ್ತಿನಲ್ಲೇ ನಗರಾಡಳಿತ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. ವರ್ಷ ಕಳೆಯುವಷ್ಟರಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಹಾಕಿಸಿಕೊಳ್ಳುವ ಮಕ್ಕಳ ಸಂಖ್ಯೆ ಸುಮಾರು ಶೇ 90ರಷ್ಟು ಇಳಿದಿತ್ತು. ತಪಾಸಣೆ ಮಾಡುವ ವೈದ್ಯರು ಮೊದಲೂ ಇದ್ದರು, ಆಮೇಲೂ ಇದ್ದರು. ಹೊಸದಾಗಿ ಬಂದವರು ನರ್ಸ್ ಮಾತ್ರ. ಜಪಾನಿನ ಗಿಫು ಪ್ರಾಂತ್ಯದ ಶಾಲೆಗೆ 1905ರಲ್ಲಿ ನರ್ಸ್ ಬಂದದ್ದೂ ಟ್ರಕೋಮಾ ಕಾಟಕ್ಕೇ. ಇಂದು ಆ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಆರೋಗ್ಯಕ್ಕೆಂದೇ ಒಬ್ಬ ಶಿಕ್ಷಕಿ ಇರುವುದು ಕಾನೂನಿನ ಬಲದಿಂದ. ನಮ್ಮ ಬರೋಡಾದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ಆರಂಭವಾದದ್ದು 1909ರಲ್ಲಿ. ಅಂದರೆ ನಾವು ನೂರು ವರ್ಷಕ್ಕೂ ಮೇಲ್ಪಟ್ಟು ಮೊದಲ ಮೆಟ್ಟಿಲಲ್ಲೇ ನಿಂತಿದ್ದೇವೆ.

ಎರಡನೆಯ ಮಾತು: ‘ಶಿಕ್ಷಕರಿಗೇ ತರಬೇತಿ ಕೊಟ್ಟರಾಯಿತು.’ ಕೊಟ್ಟೂ ಇದ್ದಾರೆ. 2020ರಲ್ಲಿ ಬಂದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರತಿ ಶಾಲೆಯಲ್ಲಿ ಇಬ್ಬರು, ಸಾಧ್ಯವಾದಲ್ಲಿ ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿ, ಆರೋಗ್ಯ ರಾಯಭಾರಿಗಳು. ಕೈ ತೊಳೆಯುವುದು, ಊಟ, ಮನಸ್ಸಿನ ಆರೋಗ್ಯ ಇವನ್ನೆಲ್ಲ ಪಾಠ ಮಾಡಲು ಶಿಕ್ಷಕರಿಗಿಂತ ತಕ್ಕವರು ಬೇರೆ ಇಲ್ಲ. ಹಾಲು ಕಾಯಿಸಿ ಹಂಚುವುದು, ಮೊಟ್ಟೆ ಲೆಕ್ಕ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರದ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಚುನಾವಣೆ, ಜನಗಣತಿ ಎಲ್ಲವೂ ಅವರ ತಲೆಯ ಮೇಲೇ ಇದೆ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ಶಿಕ್ಷಕರ ಕೈಯಲ್ಲಿ ಆಗದ ಕೆಲಸ ಯಾವುದು ಎಂದಷ್ಟೇ ನೋಡೋಣ.

ಟೈಪ್-1 ಸಕ್ಕರೆ ಕಾಯಿಲೆಯ ಮಗುವಿಗೆ ದಿನಕ್ಕೆ ಹಲವು ಸಲ ಇನ್ಸುಲಿನ್ ಬೇಕು. ಮಧ್ಯಾಹ್ನದ ಸೂಜಿಯ ಹೊತ್ತು ಶಾಲೆಯಲ್ಲೇ ಬರುತ್ತದೆ. ಸಕ್ಕರೆ ಇಳಿದರೆ ಮಗು ಬೆವರುತ್ತದೆ, ನಡುಗುತ್ತದೆ, ಕೇಳಿದ್ದಕ್ಕೆ ಏನೋ ಹೇಳುತ್ತದೆ. ನೋಡುವವರಿಗೆ ಅದು ನಿದ್ದೆಗಣ್ಣಿನಂತೆಯೋ ಹಟದಂತೆಯೋ ಕಾಣಬಹುದು. ಇಂಥ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ ಒಯ್ಯಬಹುದು ಎಂದು ಸಿಬಿಎಸ್‌ಇ 2017ರಲ್ಲಿ ಒಪ್ಪಿತು. ತರಗತಿಯಲ್ಲೂ ಇನ್ಸುಲಿನ್, ತಿಂಡಿಗೆ ಅವಕಾಶವಿರಲಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ಅನುಮತಿ ಸಿಕ್ಕಿತು, ಆದರೆ ಪಕ್ಕದಲ್ಲಿ ನಿಂತು ಸಕ್ಕರೆ ಅಳೆದು ನೋಡುವ ಕೈ ಯಾವುದು? ಮೂರ್ಛೆ ಬಂದ ಮಗುವಿನ ಕೈಗೆ ಬೀಗದ ಕೈ ಹಿಡಿಸುವುದು ಇಂದಿಗೂ ನಡೆದೇ ಇದೆ. ಮಗುವನ್ನು ಮಗ್ಗುಲಿಗೆ ತಿರುಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಇದನ್ನು ತರಬೇತಿಯಲ್ಲಿ ಒಮ್ಮೆ ಕೇಳಿಸಿಕೊಂಡವರಿಗೂ ಕೈಯಾರೆ ಮಾಡಿ ಪಳಗಿದವರಿಗೂ ವ್ಯತ್ಯಾಸವಿದೆ. ಮುಟ್ಟಿನ ಸ್ರಾವ ಹೆಚ್ಚಾಗಿ ಸೊರಗುತ್ತಿರುವ ಹುಡುಗಿ ಇರುವ ಶಾಲೆಯಲ್ಲಿ ಇಬ್ಬರು ರಾಯಭಾರಿಗಳೂ ಮೇಷ್ಟ್ರೇ ಆಗಿದ್ದರೆ, ಅವಳು ಅದನ್ನು ಹೇಳುವುದೇ ಇಲ್ಲ. ‘ಹೊಟ್ಟೆನೋವು ಸಾರ್’ ಎಂದು ಮನೆಗೆ ಹೋಗುತ್ತಾಳೆ.

‘ಆಶಾ ಕಾರ್ಯಕರ್ತೆಯರಿದ್ದಾರೆ, ಪಿಎಚ್‌ಸಿ ಇದೆ’ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಶಾಗಳ ಹೊಣೆ ಬಹುಪಾಲು ಬಸುರಿ, ಬಾಣಂತಿ, ಹಸುಗೂಸಿನ ಸುತ್ತಲೇ ಇದೆ. ಪ್ರೋತ್ಸಾಹಧನವೂ ಅದಕ್ಕೇ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಬಯಲುಸೀಮೆಯಲ್ಲಿ 30 ಸಾವಿರ ಜನರಿಗೆ ಒಂದು, ಅದು ತೆರೆದಿರುವ ಹೊತ್ತಿನಲ್ಲಿ ಮಗು ತರಗತಿಯಲ್ಲಿರುತ್ತದೆ. ಆರು ದಾಟಿದ ಮಗು ಅಂಗನವಾಡಿಯ ತೂಕದ ಪುಸ್ತಕದಿಂದ ಹೊರಬೀಳುತ್ತದೆ. ಮತ್ತೆ ಆರೋಗ್ಯ ಇಲಾಖೆಯ ಕಣ್ಣಿಗೆ ನಿರಂತರವಾಗಿ ಬೀಳುವುದು, ಹೆಣ್ಣಾಗಿದ್ದರೆ, ಬಸುರಿಯಾದಾಗ. ಈ ಮಾತು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಅವರು ಬಸುರಿಯರಾಗುವವರೆಗೂ ಕಾಯಬೇಕೇ?

‘ಮಕ್ಕಳ ಆರೋಗ್ಯ ನೋಡಿಕೊಳ್ಳುವುದು ತಾಯ್ತಂದೆಯರ ಹೊಣೆ’ ಎಂಬುದು ನಿಜ. ಹೊಣೆ ಹೊರಲು ಮೊದಲು ವಿಷಯ ತಿಳಿಯಬೇಕು. ನಾಯಿ ಕಚ್ಚಿದ್ದನ್ನು ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡುವ ಹುಡುಗ ಶಾಲೆಯಲ್ಲಿ ಗೆಳೆಯರಿಗೆ ಹೇಳಿರುತ್ತಾನೆ. ಅದು ನರ್ಸ್ ಕಿವಿಗೆ ಬಿದ್ದರೆ, ತಡವಾಗಿದ್ದರೂ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಲಸಿಕೆಗೆ ಕಳಿಸಿ, ಉಳಿದ ಸೂಜಿಗಳ ತಾರೀಖನ್ನೂ ನೆನಪಿಟ್ಟುಕೊಳ್ಳುತ್ತಾರೆ.

ದುಡ್ಡಿನ ಪ್ರಶ್ನೆ ಗಂಭೀರವಾದದ್ದು. ‘ಶಿಕ್ಷಕರ ಹುದ್ದೆಗಳೇ ಖಾಲಿ ಇವೆ, ನಲವತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ನರ್ಸ್ ಎಲ್ಲಿಂದ ತರುವುದು?’ ಹದಿನೈದು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ಪೂರ್ತಿ ಒಬ್ಬ ನರ್ಸ್ ಕೊಡಿ ಎಂದು ನಾನು ಕೇಳುತ್ತಿಲ್ಲ. ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇರುವಂತೆ ಕ್ಲಸ್ಟರ್‌ಗೊಬ್ಬ ನರ್ಸ್ ಇರಲಿ. ಕರ್ನಾಟಕ ಪಬ್ಲಿಕ್ ಶಾಲೆಗಳಿಗೂ ದೊಡ್ಡ ಪ್ರೌಢಶಾಲೆಗಳಿಗೂ ಪೂರ್ಣಾವಧಿಯವರು ಇರಲಿ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕಾಗಿಯೂ ಇಲ್ಲ. 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಆರಂಭವಾದದ್ದೂ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಿಂದ, ಆಮೇಲೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಇದನ್ನೂ ಕಲ್ಯಾಣ ಕರ್ನಾಟಕದಿಂದ ಶುರುಮಾಡಬಹುದು, ಅಲ್ಲಿ ಸಂವಿಧಾನದ 371ಜೆ ವಿಧಿಯಡಿ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತ್ಯೇಕ ಅನುದಾನವೂ ಇದೆ. ಕುಡಿಯುವ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಲೆಗಟ್ಟುವ ಪಾವಗಡದ ಕಡೆಗೂ, ಕುಡಗೋಲು ಕಣ ರೋಗವಿರುವ ಚಾಮರಾಜನಗರದ ಸೋಲಿಗರ ಮಕ್ಕಳಿರುವ ಶಾಲೆಗಳಿಗೂ ಮೊದಲ ಸಾಲಿನಲ್ಲೇ ಜಾಗ ಕೊಡಬಹುದು. ನರ್ಸಿಂಗ್ ಓದಿದವರಿಗಂತೂ ಈ ರಾಜ್ಯದಲ್ಲಿ ಬರವಿಲ್ಲ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಇಲ್ಲಿ ಕಲಿತವರು ಕೆಲಸ ಹುಡುಕಿಕೊಂಡು ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದಾರೆ.

ನವೋದಯ ಶಾಲೆಗಳಲ್ಲಿ ಸ್ಟಾಫ್ ನರ್ಸ್ ಹುದ್ದೆ ಇದೆ, ನಮ್ಮ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಇದೆ. ವಸತಿ ಶಾಲೆಯಲ್ಲಿ ಮಗು ರಾತ್ರಿಯೂ ಇರುತ್ತದೆ, ನಿಜ. ಆದರೆ ಹಗಲಿನ ಆರೇಳು ತಾಸು ಶಾಲೆಯ ಹೊಣೆಯಲ್ಲಿರುವ ಮಗುವಿಗೆ ಆ ಹೊತ್ತಿನಲ್ಲಿ ಜ್ವರ, ಫಿಟ್ಸ್, ಉಬ್ಬಸ ಬರುವುದಿಲ್ಲವೇ?

‘ನರ್ಸ್ ಕೈಗೆ ಮಾತ್ರೆ ಕೊಟ್ಟರೆ ಅಪಾಯ’ ಎಂಬ ಹೆದರಿಕೆ ಇನ್ನು ಕೆಲವರದು. ಇಂದು ಮಕ್ಕಳ ಕೈಗೆ ಮಾತ್ರೆ ಕೊಡುತ್ತಿರುವವರು ಯಾರು ಎಂದು ಅವರು ನೋಡಲಿ. ಜಂತುಹುಳು ನಿವಾರಣಾ ದಿನದ ಅಲ್ಬೆಂಡಜೋಲ್ ಕೊಡುವವರು ಶಿಕ್ಷಕರು. ವಾರಕ್ಕೊಮ್ಮೆಯ ನೀಲಿ ಮಾತ್ರೆಯನ್ನು ಕೊಡುವವರೂ ಅವರೇ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ. ಇದನ್ನು ಮೊದಲೇ ತಿಳಿಸಿ ಹೇಳುವವರಿಲ್ಲದ ಕಡೆ ಮಕ್ಕಳು ಹೆದರಿ ಮಾತ್ರೆಯನ್ನು ಕಾಂಪೌಂಡ್ ಆಚೆ ಎಸೆಯುತ್ತಾರೆ. ಮೂರು ವರ್ಷ ಜಿಎನ್‌ಎಂ ಅಥವಾ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವರು ಬಂದರೆ ಅಪಾಯ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಅವರು ಪಿಎಚ್‌ಸಿ ವೈದ್ಯರ ಲಿಖಿತ ಸೂಚನೆಯಂತೆ ಮಾತ್ರ ಔಷಧಿ ಕೊಡಲಿ. ಅದಕ್ಕೆ ನನ್ನ ತಕರಾರಿಲ್ಲ.

ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು: ‘ನೋಡುತ್ತಿರಿ, ನರ್ಸನ್ನೂ ನಾಲ್ಕು ದಿನದಲ್ಲಿ ಗುಮಾಸ್ತೆ ಮಾಡಿಬಿಡುತ್ತಾರೆ.’ ನಮ್ಮ ಕಚೇರಿಗಳ ಸ್ವಭಾವ ಬಲ್ಲವರ ಮಾತಿದು, ಸುಳ್ಳೆನ್ನಲಾರೆ. ಅದಕ್ಕೆ ಮದ್ದು ನೇಮಕಾತಿ ಆದೇಶದಲ್ಲೇ ಇರಬೇಕು. ಚುನಾವಣೆ ಕೆಲಸ, ಸಮೀಕ್ಷೆ ಕೆಲಸ, ಬಿಸಿಯೂಟದ ಲೆಕ್ಕ ಇವರಿಗೆ ಕೊಡತಕ್ಕದ್ದಲ್ಲ ಎಂದು ಅಲ್ಲೇ ಬರೆಯಬೇಕು. ವೈದ್ಯಕೀಯ ಕೆಲಸಕ್ಕೆ ಅವರು ಪಿಎಚ್‌ಸಿ ವೈದ್ಯಾಧಿಕಾರಿಗೆ ಉತ್ತರ ಹೇಳಲಿ, ಹಾಜರಿಯನ್ನು ಮುಖ್ಯ ಶಿಕ್ಷಕರು ನೋಡಲಿ, ಎರಡು ಇಲಾಖೆಗಳ ಜಗಳಕ್ಕೆ ಅಲ್ಲಿ ಎಡೆಯಿರಬಾರದು. ಅವರ ರಿಜಿಸ್ಟರಿನಲ್ಲಿ ಎಷ್ಟು ಮಕ್ಕಳನ್ನು ನೋಡಿದರು ಎಂಬ ಕಾಲಂ ಮುಖ್ಯವಾಗುವುದು ಬೇಡ. ಚೀಟಿ ಪಡೆದ ಪ್ರತಿ ಮಗುವಿನ ಹೆಸರಿನ ಮುಂದೆ ಆಸ್ಪತ್ರೆಗೆ ಹೋದ ತಾರೀಖು, ಕನ್ನಡಕವೋ ಔಷಧಿಯೋ ಕೈಗೆ ಬಂದ ತಾರೀಖು, ಮೂರು ತಿಂಗಳ ಮೇಲೆ ಮತ್ತೆ ನೋಡಿದ ತಾರೀಖು ಇರಲಿ. ಆ ಪುಟವನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಿಂಗಳಿಗೊಮ್ಮೆ ತೆರೆದು, ಯಾವ ಮಗುವಿನ ಮುಂದೆ ಖಾಲಿ ಉಳಿದಿದೆ, ಯಾಕೆ ಉಳಿದಿದೆ ಎಂದು ಕೇಳಲಿ.