ತೆರೆಯ ಹಿಂದಿನ ಪ್ರಶ್ನೆ

ಹೊಸದುರ್ಗ ತಾಲ್ಲೂಕು ಬಾಗೂರಿನ ವಾಚಕರೊಬ್ಬರು ಕೇಳಿರುವ ಸಂಗತಿ ಹೀಗಿದೆ. ಕಾಲವಾದ ತಮ್ಮ ತಂದೆಯವರು ಊರಿನ ಚನ್ನಕೇಶವ ದೇವಾಲಯದ ವಿಚಾರವನ್ನೂ ಮನೆತನದ ವೃತ್ತಾಂತವನ್ನೂ ಹಳೆಯ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಫೈಲುಗಳು ನೂರಕ್ಕೆ ಮೇಲ್ಪಟ್ಟಿವೆ. ಅವನ್ನು ಯುನಿಕೋಡಿಗೆ ತರಲೆಂದು ಅಳಿಯಂದಿರು ಒಂದು ಪ್ರೋಗ್ರಾಮನ್ನು ಬರೆದುಕೊಟ್ಟರು. ರಾತ್ರಿ ಅದನ್ನು ಆರಂಭಿಸಿ ಮಲಗಿದರೆ, ಬೆಳಗಾದರೂ ನಲವತ್ತನೆಯ ಫೈಲಿನಲ್ಲಿಯೇ ನಿಂತಿದೆ. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ತಂದೆಯವರ ಬರೆವಣಿಗೆ ಹಾಳಾಯಿತೋ ಎಂಬುದು ಅವರ ಕಳವಳ.

ಹಾಳಾಗಿರುವ ಸಂಭವ ಕಡಮೆಯೆಂದು ಮೊದಲೇ ಹೇಳಿಬಿಡುತ್ತೇವೆ.

ಯುನಿಕೋಡಿನಲ್ಲಿ 1991ರಿಂದಲೂ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳುಂಟು. ಹಳೆಯ ನುಡಿ, ಬರಹಗಳ ಫೈಲುಗಳಲ್ಲಾದರೋ ಒಳಗಿರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಸಂಖ್ಯೆಗಳೇ; ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಫಾಂಟು. ನಡುವೆ ನಿಜವಾದ ಇಂಗ್ಲಿಷ್ ಮಾತೊಂದು ಬಂದರೆ ಅದನ್ನು ಪರಿವರ್ತಿಸದೆ ಬಿಡಬೇಕಷ್ಟೆ. ಯಾವ ಮಾತು ಯಾವ ಫಾಂಟಿನಲ್ಲಿದೆ ಎಂಬುದನ್ನು ವರ್ಡ್ ಚೆನ್ನಾಗಿ ಬಲ್ಲುದು. ಆದುದರಿಂದಲೇ ಪ್ರೋಗ್ರಾಮು ವರ್ಡನ್ನು ಕರೆದು, ಅದರ ಕಿಟಕಿಯನ್ನು ಮರೆಮಾಡಿ, ಫೈಲುಗಳನ್ನು ಒಂದೊಂದಾಗಿ ತೆರೆಸುತ್ತದೆ. ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವನು ತೆರೆಯ ಹಿಂದಿರುವನು. ಇಲ್ಲಿ ಗೊಂಬೆಯೂ ತೆರೆಯ ಹಿಂದೆಯೇ!

ತೊಡಕು ಹುಟ್ಟುವುದು ಇಲ್ಲಿ. ವರ್ಡ್ ತನ್ನ ಮುಂದೆ ಒಬ್ಬ ಮನುಷ್ಯನು ಕುಳಿತಿರುವನೆಂದೇ ನಂಬಿ ನಡೆಯತಕ್ಕದ್ದು. ಯಾರೂ ಇಲ್ಲದೆಡೆ ಅದನ್ನು ಹೀಗೆ ದುಡಿಸುವುದು ಉಚಿತವಲ್ಲವೆಂದು ಮೈಕ್ರೋಸಾಫ್ಟಿನವರೇ ಹೇಳಿದ್ದಾರೆ. ಫೈಲಿಗೆ ಪಾಸ್‌ವರ್ಡ್ ಇದ್ದರೆ ಅದು ಕೇಳುತ್ತದೆ; ಅದೇ ಫೈಲು ಬೇರೆ ಕಡೆ ತೆರೆದಿದ್ದರೆ ಏನು ಮಾಡಲೆಂದು ಕೇಳುತ್ತದೆ. ಮರೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರಾರು? ಅದು ಕಾಯುತ್ತದೆ. ಅದನ್ನು ಕರೆದ ಪ್ರೋಗ್ರಾಮೂ ಕಾಯುತ್ತದೆ. ಯಂತ್ರಕ್ಕೆ ಬೇಸರವೆಂಬುದಿಲ್ಲ.

ಅಳಿಯಂದಿರು ಮಾಡಬೇಕಾದುದಿಷ್ಟು. ಮೊದಲ ಸಲ ಕಿಟಕಿಯನ್ನು ಮರೆಮಾಡದೆಯೇ ನಡೆಸಲಿ. ಪ್ರಶ್ನೆ ಯಾವುದೆಂದು ಆಗ ಕಣ್ಣಿಗೇ ಬೀಳುತ್ತದೆ. ಎಚ್ಚರಿಕೆಯ ಪ್ರಶ್ನೆಗಳನ್ನು ನಿಲ್ಲಿಸುವ ಆಜ್ಞೆಯುಂಟು, ಆದರೆ ಪಾಸ್‌ವರ್ಡಿನ ಪ್ರಶ್ನೆ ಅದಕ್ಕೆ ಮಣಿಯದು. ಅದಕ್ಕೊಂದು ಜಾಣ ಉಪಾಯ: ಪ್ರತಿ ಫೈಲನ್ನು ತೆರೆಯುವಾಗಲೂ ಯಾವುದಾದರೊಂದು ಸುಳ್ಳು ಪಾಸ್‌ವರ್ಡನ್ನು ಕೊಡುವುದು. ಬೀಗವಿಲ್ಲದ ಫೈಲು ಅದನ್ನು ಲೆಕ್ಕಿಸದೆ ತೆರೆಯುತ್ತದೆ. ಬೀಗವಿದ್ದುದು ಕೂಡಲೇ ತಪ್ಪೆಂದು ಹಿಂದಿರುಗುತ್ತದೆ, ಆಗ ಅದರ ಹೆಸರನ್ನು ಬರೆದಿಟ್ಟು ಮುಂದೆ ಸಾಗಬಹುದು. ಕೆಲಸ ನಡೆಯಬೇಕಾದುದು ಪ್ರತಿಗಳ ಮೇಲೆಯೇ ಹೊರತು ಮೂಲದ ಮೇಲಲ್ಲ.

ಕರೆದವರೇ ಕಳುಹಿಸಿಕೊಡಲೂ ಬೇಕು. ಪ್ರೋಗ್ರಾಮು ತಪ್ಪಿ ನಡುವೆ ನಿಂತರೂ ವರ್ಡನ್ನು ಮುಚ್ಚುವ ಆಜ್ಞೆ ಅದರಲ್ಲಿರತಕ್ಕದ್ದು. ಇಲ್ಲವಾದರೆ ಒಂದೊಂದು ಪ್ರಯತ್ನಕ್ಕೆ ಒಂದೊಂದು ವರ್ಡ್ ಒಳಗೇ ಉಳಿದು, ಕಂಪ್ಯೂಟರು ಕಾರಣವಿಲ್ಲದೆ ಮಂದವಾದಂತೆ ತೋರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಅವು ಕಾಣುವುವು. ಅಲ್ಲಿಂದ ಕೊನೆಗಾಣಿಸುವ ಮುನ್ನ ತಾವು ಬರೆಯುತ್ತಿರುವುದನ್ನು ಉಳಿಸಿ ಮುಚ್ಚಿರಬೇಕು.

ಈಗ ನಲವತ್ತನೆಯ ಫೈಲನ್ನು ಕೈಯಾರೆ ತೆರೆದು ನೋಡಲಿ. ಪಾಸ್‌ವರ್ಡ್ ಕೇಳಿದರೆ ತಾಯಿಯವರನ್ನು ವಿಚಾರಿಸುವುದು ಉತ್ತಮ.